ಬೆಂಕಿಪೊಟ್ಟಣವೂ ಲೋಕಶಾಂತಿಯೂ

ದೇಶದೇಶಗಳ ನಡುವೆ ಯುದ್ಧ ಏಕಾಗುತ್ತದೆ ಎಂಬುದರ ಮೇಲೆ ದೊಡ್ಡ ದೊಡ್ಡ ವಿದ್ವಾಂಸರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರಂತೆ. ಪಾಪ, ಅವರಲ್ಲಿ ಒಬ್ಬರಾದರೂ ಪಾಂಡವಪುರದ ಕಡೆ ಬಂದು ನಮ್ಮ ದೊಡ್ಡಮಾವನನ್ನು ಒಂದು ಮಾತು ಕೇಳಿದ್ದರೆ ಅಷ್ಟೂ ಕಾಗದ ಉಳಿಯುತ್ತಿತ್ತು! ಕಾರಣ ಒಂದೇ ಒಂದು. ಬೆಂಕಿಪೊಟ್ಟಣ.

ನಗಬೇಡಿ. ನಾನೂ ಮೊದಲು ನಕ್ಕವಳೇ, ಆಮೇಲೆ ಅನುಭವಿಸಿದವಳು.

ದೊಡ್ಡಮಾವ ಎಂದರೆ ನನ್ನ ಗಂಡನ ದೊಡ್ಡಪ್ಪ; ನಮ್ಮ ಮಾವನ ಒಡಹುಟ್ಟಿದ ಅಣ್ಣ. ನಾನು ನಾಗಮಂಗಲದವಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇನೆ ಎಂಬ ಕೊಬ್ಬು ಬೇರೆ ಇತ್ತು. ಅರವತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ, ಪಾಂಡವಪುರಕ್ಕೂ ಅದರ ರೈಲ್ವೆ ಸ್ಟೇಷನ್ನಿಗೂ ನಡುವೆ ಇದ್ದ ಈ ಊರಿಗೆ ಬಂದೆ. ಬಂದ ಮಾರನೆಯ ಬೆಳಿಗ್ಗೆ ಹೊಸ ಸೊಸೆಯ ಠೀವಿಯಿಂದ ಒಲೆಯ ಮುಂದೆ ಕೂತಿದ್ದೇನೆ, ಹಿತ್ತಿಲ ಬಾಗಿಲಲ್ಲಿ ಆರಡಿಯ ಆಳೊಬ್ಬರು ಪ್ರತ್ಯಕ್ಷ! ತಲೆಗೆ ರುಮಾಲು, ಹೆಗಲ ಮೇಲೆ ಕಂಬಳಿ, ಬಿಳಿ ಹುರಿಮೀಸೆ. ಎರಡೂ ಕೈಯಲ್ಲಿ ಮಂಗಳಾರತಿ ತಟ್ಟೆಯ ಹಾಗೆ ಹಿಡಿದುಕೊಂಡಿರುವುದು ಮಾತ್ರ ಒಡೆದ ಮಡಕೆಯ ಒಂದು ಚೂರು, ಅದರಲ್ಲಿ ಒಂದು ಹಿಡಿ ಬೂದಿ.

“ಮಗಾ, ವಸಿ ಕೆಂಡ ಕೊಡವ್ವ” ಎಂದರು.

ದೊಡ್ಡವರಿಗೆ ಮರ್ಯಾದೆ ತೋರಿಸಬೇಕಲ್ಲ? “ಕೆಂಡ ಯಾಕೆ ಮಾವ, ಇದ್ನೇ ತಗೊಂಡ್ಹೋಗಿ” ಎಂದು ಹೊಚ್ಚ ಹೊಸ ಬೆಂಕಿಪೊಟ್ಟಣ ಚಾಚಿದೆ. ಹಾವು ಕಂಡವರಂತೆ ಅವರು ಮೂರು ಹೆಜ್ಜೆ ಹಿಂದೆ ಹಾರಿದರು. ನನ್ನ ಹಿಂದೆ ಅತ್ತೆ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು.

“ಮಗಾ, ನಾಗಮಂಗ್ಲದೋರು ನಮ್ಗೆ ಎಣ್ ಕೊಟ್ಟವ್ರೋ, ಇಲ್ಲಾ ಯುದ್ಧುಕ್ ಕರದವ್ರೋ?” ಎಂದು ದೊಡ್ಡಮಾವ ಗಂಭೀರವಾಗಿ ಕೇಳಿದರು.

ಅಂದೇ ನನಗೆ ಮೊದಲ ಪಾಠವಾಯಿತು. ಜಗಲಿಯ ಮೇಲೆ ಕೂರಿಸಿ ವಿವರಿಸಿದ್ದು ಇಷ್ಟು. ಬೆಂಕಿಪೊಟ್ಟಣ ಬರುವ ಮುಂಚೆ ಒಲೆ ಆರಿಹೋದರೆ ಪಕ್ಕದ ಮನೆಗೆ ಹೋಗಿ ಕೆಂಡ ತರಬೇಕಿತ್ತು. ಸಂಜೆ ಬದುವಿನ ಜಗಳದಲ್ಲಿ ಒಬ್ಬ ಇನ್ನೊಬ್ಬನ ತಲೆ ಒಡೆದಿರುತ್ತಾನೆ. ಬೆಳಿಗ್ಗೆ ಒಡೆದವನ ಮನೆಯ ಒಲೆ ಆರಿದೆ. ಒಡೆಸಿಕೊಂಡವನ ಹಿತ್ತಿಲಿಗೇ ಹೋಗಿ ನಿಲ್ಲಬೇಕು. ನಿಂತ ಮೇಲೆ ಸುಮ್ಮನಿರಲಾದೀತೇ? “ತಲೆ ಎಂಗಿದ್ದದು?” ಎನ್ನಬೇಕು. “ಅಂಗೇ ಐತೆ, ಅರಿಸ್ನ ಆಕಿವ್ನಿ” ಎಂದು ಅವನು ಹೇಳಬೇಕು. ಮುಗಿಯಿತು! ಈಗ? ಒಬ್ಬೊಬ್ಬರ ಸೊಂಟದಲ್ಲೂ ಒಂದೊಂದು ಪೊಟ್ಟಣ. ಯಾರ ಬಾಗಿಲಿಗೂ ಯಾರೂ ಹೋಗಬೇಕಾಗಿಲ್ಲ. ಸಿಟ್ಟು ಬೂದಿ ಮುಚ್ಚಿಕೊಂಡು ವರ್ಷಗಟ್ಟಲೆ ಹಾಗೇ ಇರುತ್ತದೆ. ದೇಶಗಳದೂ ಇದೇ ಪಾಡು.

ನಮ್ಮೂರಿನ ಶಾಲೆಯ ಮೇಷ್ಟ್ರು ಇದನ್ನು ಒಪ್ಪುತ್ತಿರಲಿಲ್ಲ. ಪೇಪರು ಓದುವ ಮನುಷ್ಯ. “ಗೌಡ್ರೇ, ಯುದ್ಧಕ್ಕೆ ಕಾರಣ ಗಡಿ, ಎಣ್ಣೆ, ವ್ಯಾಪಾರ, ಆಳುವವರ ದುರಾಸೆ” ಎಂದು ಬೆರಳು ಮಡಚಿ ಮಡಚಿ ಹೇಳುತ್ತಿದ್ದರು.

“ಇವೆಲ್ಲ ನಮ್ಮೂರಲ್ಲಿ ಇಲ್ವಾ ಮೇಷ್ಟ್ರೇ? ಗಡಿ ಅಂದ್ರೆ ಬದ. ದುರಾಸೆಗೇನ್ ಬರ? ಆದ್ರೂ ನಾವ್ ಬಾಂಬಾಕ್ಕಂಡ್ವಾ?”

“ನಿಮ್ಮತ್ರ ಬಾಂಬಿಲ್ಲ, ಅದಕ್ಕೆ ಹಾಕಿಲ್ಲ.”

“ಬಾಂಬಿಗೂ ಬೆಂಕಿ ಬೇಕಲ್ವಾ? ಯಾವನ್ ಮೇಲೆ ಆಕ್ಬೇಕೋ ಅವನತ್ರವೇ ಓಗಿ ಕೆಂಡ ಈಸ್ಕಂಡ್ ಬರ್ಲಿ, ನೋಡಾವ!”

ಮೇಷ್ಟ್ರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರ ಇದೆ ಹೇಳಿ?

ಇಷ್ಟೆಲ್ಲ ಶಾಂತಿಯ ಮಾತಾಡುವ ಈ ಮಹಾನುಭಾವರು ತಮ್ಮ ಸ್ವಂತ ತಮ್ಮನ ಜೊತೆ, ಅಂದರೆ ನಮ್ಮ ಮಾವನ ಜೊತೆ, ಮಾತು ಬಿಟ್ಟು ಆಗಲೇ ವರ್ಷಗಳಾಗಿದ್ದವು! ಒಂದೇ ದೊಡ್ಡ ಮನೆ. ಪಾಲಾದಾಗ ನಟ್ಟನಡುವೆ ಮಣ್ಣಿನ ಗೋಡೆ ಎದ್ದಿತ್ತು. ಹಿಂದಿನ ದನದ ಕೊಟ್ಟಿಗೆ ಮಾತ್ರ ಇಬ್ಬರಿಗೂ ಸೇರಿದ್ದಾಗಿ ಉಳಿದಿತ್ತು. ಅದರಲ್ಲಿ ಕೆಂಪಿ ಎಂಬ ಹಸು. ಹಾಲು ಒಂದು ಹೊತ್ತು ಅವರಿಗೆ, ಒಂದು ಹೊತ್ತು ನಮಗೆ.

ಈ ಕೆಂಪಿ ಬರೀ ಹಸುವಲ್ಲ. ಆಗಿನ ಕಾಲದ ಪೇಪರುಗಳಲ್ಲಿ ಅಲಿಪ್ತ ರಾಷ್ಟ್ರ ಎಂದು ಬರುತ್ತಿತ್ತಲ್ಲ, ಅದು! ಅಣ್ಣ ತಮ್ಮ ಮಾತಾಡಬೇಕಾದದ್ದನ್ನೆಲ್ಲ ಅದರ ಮೂಲಕವೇ ಮಾತಾಡುತ್ತಿದ್ದರು. ದೊಡ್ಡಮಾವ ಹಿತ್ತಿಲಿಗೆ ಬಂದ ಕೂಡಲೇ ಮಾವ ಮುಖ ಗಂಟಿಕ್ಕಿಕೊಂಡು ಕೊಟ್ಟಿಗೆಗೆ ಹೋಗಿ ಹಸುವಿನ ಕಿವಿಗೆ ಹೇಳುವರು: “ಕೆಂಪೀ, ನಾಳಿಕ್ಕೆ ಮ್ಯಾಲಿನ್ ಗದ್ದೆಗೆ ನೀರಿನ ಸರದಿ ಕಣೇ, ಮರ್ತ್ಬುಟ್ಟಾರು ಕೆಲವ್ರು.” ದೊಡ್ಡಮಾವ ಬಾಗಿಲಲ್ಲಿ ನಿಂತೇ ಹಸುವಿನ ಕಡೆ ತಿರುಗಿ ಉತ್ತರ ಕೊಡುವರು: “ಮರ್ಯಾಕೆ ನಾವೇನ್ ಮುದುಕ್ರಾಗಿಲ್ಲ ಕೆಂಪೀ, ಕೆಲವ್ರಂಗೆ.” ಕೆಂಪಿ ಇಬ್ಬರನ್ನೂ ನೋಡಿ ಮೆಲುಕು ಹಾಕುತ್ತಿತ್ತು. ಅಲಿಪ್ತ ರಾಷ್ಟ್ರ ಇನ್ನೇನು ಮಾಡೀತು?

ಶಾಂತಿಗೆ ಇದ್ದ ದೊಡ್ಡ ತೊಡಕು ಮಂಗಳವಾರ ಮತ್ತು ಶುಕ್ರವಾರ. ಆ ಎರಡು ದಿನ ಮನೆಯ ಬೆಂಕಿ ಹೊರಗೆ ಕೊಡಬಾರದು, ಕೊಟ್ಟರೆ ಅದರ ಜೊತೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂದು ನಮ್ಮ ಅತ್ತೆಯ ಕಟ್ಟಪ್ಪಣೆ. ಊರಿನ ಯಾವ ಮನೆಯಲ್ಲೂ ಕೊಡುತ್ತಿರಲಿಲ್ಲ ಅನ್ನಿ. ಹಾಗಾಗಿ ಹಿಂದಿನ ದಿನದ ಕೆಂಡ ಆರಿಹೋದರೆ ದೊಡ್ಡಮಾವನ ಮನೆಯಲ್ಲಿ ತಂಗಳು ಮುದ್ದೆ, ತಣ್ಣನೆಯ ಸಾರು. ಅವರ ಹೆಂಡತಿ, ಅಕ್ಕಿಹೆಬ್ಬಾಳಿನಿಂದ ಬಂದ ದೊಡ್ಡತ್ತೆ, ಹೊಳೆದಂಡೆಯ ಗಟ್ಟಿ ಹೆಂಗಸು, ಬಾಯಿ ಬಿಟ್ಟರೆ ಕೆ.ಆರ್.ಪೇಟೆಗೆ ಕೇಳಿಸಬೇಕು. “ಲೋಕುಕ್ಕೆಲ್ಲ ಸಾಂತಿ, ನನ್ ವಟ್ಟೆಗ್ ಮಾತ್ರ ತಂಗ್ಳು!” ಎಂದು ಒಂದು ಶುಕ್ರವಾರ ಅವರು ರಂಪ ಮಾಡಿದಾಗ ದೊಡ್ಡಮಾವ ಮಡಕೆ ಚೂರು ಹಿಡಿದು ಎದ್ದೇ ಬಿಟ್ಟರು.

ಎಲ್ಲಿಗೆ ಹೋದರು ಅಂತೀರಿ? ರೈಲ್ವೆ ಸ್ಟೇಷನ್ನಿಗೆ! ಮೈಸೂರಿನ ಕಡೆಯಿಂದ ಬಂದು ನಿಂತ ಗಾಡಿಯ ಇಂಜಿನ್ನಿನ ಬುಡಕ್ಕೆ ಹೋಗಿ, ಮೇಲೆ ನೋಡಿ, ಡ್ರೈವರನಿಗೆ ಕೈ ಮುಗಿದು, “ಸ್ವಾಮೀ, ವಸಿ ಕೆಂಡ” ಎಂದರಂತೆ. ಆ ಡ್ರೈವರು ಪುಣ್ಯಾತ್ಮ. ಏನು ತಿಳಿದನೋ, ಸಲಿಕೆಯಲ್ಲಿ ನಿಗಿನಿಗಿ ಉರಿಯುವ ಕಲ್ಲಿದ್ದಲು ತೆಗೆದು ಮಡಕೆ ಚೂರಿಗೆ ಹಾಕಿಯೇ ಬಿಟ್ಟ. ದೊಡ್ಡಮಾವ ಊರಿಡೀ ಮೆರವಣಿಗೆಯಲ್ಲಿ ಬಂದರು. “ರೈಲಿಗೆ ಮಂಗ್ಳವಾರ ಇಲ್ಲ, ಸುಕ್ರುವಾರ ಇಲ್ಲ ಕಣ್ರಲಾ. ಇವತ್ತಿಂದ ನಮ್ಗೂ ರೈಲ್ನೋರಿಗೂ ಜಗ್ಳ ಸಾಧ್ಯವೇ ಇಲ್ಲ!” ಅದಕ್ಕೆ ಮುಂಚೆ ಯಾವಾಗ ಜಗಳವಾಗಿತ್ತು ಎಂದು ಯಾರೂ ಕೇಳಲಿಲ್ಲ. ಆವತ್ತು ಅವರ ಮನೆಯ ಹುರುಳಿ ಸಾರು ಕಲ್ಲಿದ್ದಲಿನ ಹೊಗೆಗೆ ಇಂಜಿನ್ನಿನಂತೆಯೇ ನಾರುತ್ತಿತ್ತು. ದೊಡ್ಡತ್ತೆ ಒಂದು ತುತ್ತು ಬಾಯಿಗಿಟ್ಟು, ಪಾತ್ರೆ ಸಮೇತ ತಿಪ್ಪೆಗೆ ಎಸೆದರು.

ಮುಂದಿನ ಶುಕ್ರವಾರದಿಂದ ಒಂದು ಪವಾಡ ಶುರುವಾಯಿತು. ದೊಡ್ಡಮಾವ ಏಳುವ ಹೊತ್ತಿಗೆ ಒಲೆ ಧಗಧಗ ಉರಿಯುತ್ತಿತ್ತು! “ಗುರುವಾರದ್ ಕೆಂಡ ಬೂದಿ ಒಳ್ಗೆ ಅಂಗೇ ಇತ್ತು ಕಣ್ರೀ” ಎಂದು ದೊಡ್ಡತ್ತೆ ಮುಗ್ಧವಾಗಿ ಹೇಳುತ್ತಿದ್ದರು. ದೊಡ್ಡಮಾವನಿಗೆ ಹೆಮ್ಮೆಯೋ ಹೆಮ್ಮೆ. “ನೋಡುದ್ರಾ ಮೇಷ್ಟ್ರೇ, ಒಂದ್ ಸಲ ಸಾಂತಿ ಆದ್ರೆ ಎರಡು ದಿನ ಬಾಳ್ಕೆ ಬತ್ತದೆ!” ಈ ಎರಡನೆಯ ದಿನದ ಶಾಂತಿಯ ಗುಟ್ಟು ರಾಗಿ ಮಡಕೆಯ ತಳದಲ್ಲಿತ್ತು. ಬೆಂಕಿಪೊಟ್ಟಣ! ತಂದುಕೊಟ್ಟವಳು ನಾನೇ. ಲೋಕದ ಮುಂದೆ ಈಗ ಒಪ್ಪಿಕೊಳ್ಳುತ್ತಿದ್ದೇನೆ.

ಒಂದು ಅಮಾವಾಸ್ಯೆಗೆ ಸಂಗಮದಲ್ಲಿ ಸ್ನಾನ ಮಾಡಲೆಂದು ಶ್ರೀರಂಗಪಟ್ಟಣಕ್ಕೆ ಹೋದೆವು. ನಾನು, ದೊಡ್ಡತ್ತೆ, ದೊಡ್ಡಮಾವ. ಸ್ನಾನ ಮುಗಿಸಿ ಜಟಕಾ ಹತ್ತಿದೆವು. ಜಟಕಾದ ಸಾಬರು ಮಾತುಗಾರರು, ಕೋಟೆ ಒಡೆದ ಜಾಗದ ಹತ್ತಿರ ಕುದುರೆ ನಿಲ್ಲಿಸಿದರು.

“ಇಲ್ಲೇ ಗೌಡ್ರೇ, ಇಂಗ್ರೇಜಿನೋರು ನುಗ್ಗಿದ್ದು. ತೋಪು ಹೊಡ್ದು ಗೋಡೇನೇ ಉರುಳಿಸ್ಬಿಟ್ರು.”

“ತೋಪಿಗೆ ಬೆಂಕಿ ಯಾರ್ ಕೊಟ್ರು ಸಾಬ್ರೇ?”

“ಅವ್ರದೇ ಇತ್ತು.”

“ಅಲ್ಲೇ ಕೆಟ್ಟಿದ್ದು! ಅವ್ರು ವಳೆ ದಾಟಿ ಬಂದು, ‘ಸುಲ್ತಾನ್ರೇ, ನಿಮ್ ಕ್ವಾಟೆ ವಡೀಬೇಕು, ವಸಿ ಕೆಂಡ ಕೊಡಿ’ ಅಂತ ಕೇಳ್ಬೇಕಾಗಿದ್ದಿದ್ರೆ?”

ಸಾಬರು ಗಡ್ಡ ನೀವಿಕೊಂಡು ನಿಜವಾಗಿಯೂ ಯೋಚಿಸಿದರು. “ನಮ್ ಸುಲ್ತಾನ್ರು ದಿಲ್‌ದಾರ್ ಮನುಷ್ಯ. ಪೆಹ್ಲೆ ಕೂತ್ಕೊಳ್ಳಿ, ಶರಬತ್ ಕುಡೀರಿ, ಆಮೇಲೆ ಕೊಡ್ತೀನಿ ಅಂತಿದ್ರು.”

“ಸರಬತ್ತು ಕುಡ್ದೋನು ತೋಪೊಡೀತಾನಾ?”

“ತೋಬಾ ತೋಬಾ! ಎಲ್ಲಾದ್ರೂ ಉಂಟಾ?”

“ಅಷ್ಟೇ ಕಣಯ್ಯಾ!” ಎಂದು ದೊಡ್ಡಮಾವ ಸಾಬರ ಬೆನ್ನು ತಟ್ಟಿದರು. ಇಬ್ಬರೂ ಸೇರಿ ಇತಿಹಾಸವನ್ನೇ ಸರಿಮಾಡಿದ ಖುಷಿಯಲ್ಲಿದ್ದರು. ಆ ಖುಷಿಗೆ ಸಾಬರು ಒಂದು ಬೀಡಿ ತೆಗೆದು, ಬೆಂಕಿಕಡ್ಡಿ ಗೀರಿದರು!

ದೊಡ್ಡಮಾವ ಜಟಕಾದಿಂದ ಧುಮುಕಿ ನಡೆಯತೊಡಗಿದರು. ಹಿಂದೆ ಜಟಕಾ. “ಗೌಡ್ರೇ, ಗಲತಿ ಆಯ್ತು, ಹತ್ತಿ” ಎಂದು ಸಾಬರು ಕೂಗುತ್ತಲೇ ಇದ್ದಾರೆ. ಇವರು ತಿರುಗಿ ನೋಡಬೇಕಲ್ಲ! ಕಿರಂಗೂರಿನವರೆಗೂ ಇದೇ ಮೆರವಣಿಗೆ. ಅಲ್ಲಿ ರಸ್ತೆಬದಿಯ ಕುಲುಮೆಯೊಂದರಲ್ಲಿ ಸಾಬರು ಇಳಿದುಹೋಗಿ, ಆಚಾರಿಯ ಹತ್ತಿರ ಕೆಂಡ ಕೇಳಿ, ಹೊಸ ಬೀಡಿ ಹಚ್ಚಿ, ಅದನ್ನು ಎತ್ತಿ ತೋರಿಸಿದರು. ಆಮೇಲೆಯೇ ದೊಡ್ಡಮಾವ ಗಾಡಿ ಹತ್ತಿದ್ದು.

ಸುಲ್ತಾನರ ಯುದ್ಧವನ್ನು ಇತ್ಯರ್ಥ ಮಾಡಿದ ಮೇಲೆ ಮಿಕ್ಕ ಲೋಕ ಬಿಡಲಾದೀತೇ? ದೇಶಗಳೆಲ್ಲ ಕೂಡಿ ಅಮೆರಿಕಾದಲ್ಲಿ ಒಂದು ದೊಡ್ಡ ಸಭೆ ನಡೆಸುತ್ತವೆ ಎಂದು ಮೇಷ್ಟ್ರು ಬಾಯಿತಪ್ಪಿ ಹೇಳಿಬಿಟ್ಟಿದ್ದರು. ಆ ಸಭೆಗೆ ಕಾಗದ ಬರೆಯುವ ಕೆಲಸ ಎಸ್ಸೆಸ್ಸೆಲ್ಸಿ ಪಾಸಾದವಳ ಪಾಲಿಗೆ ಬಂತು.

“ಬರ್ಕೊ ಮಗಾ. ಎಲ್ಲಾ ದೇಶ್ದೋರ್ಗೂ ನಮಸ್ಕಾರ. ನಾವು ಕ್ಷೇಮ. ನಿಮ್ ಜಗ್ಳದ ಇಚಾರ ತಿಳ್ದು ಬೇಜಾರಾಯ್ತು. ನಿಮ್ ನಿಮ್ ಬೆಂಕಿಪೊಟ್ಣ ಎಲ್ಲಾ ಸಮುದ್ರುಕ್ ಆಕಿ. ದಿನಾ ಬೆಳಿಗ್ಗೆ ಒಂದ್ ದೇಸದ್ ಯಜಮಾನ ಮಗ್ಗುಲ್ ದೇಸದ್ ಇತ್ಲು ಬಾಗ್ಲಿಗೆ ಓಗಿ ಕೆಂಡ ಕೇಳ್ಬೇಕು.”

ನಾನು ಲೇಖನಿ ಎತ್ತಿದೆ. “ಮಾವ, ಅಮೆರಿಕಾಗೂ ರಷ್ಯಾಗೂ ಬಲು ದೂರ. ತರೋದ್ರೊಳಗೆ ಕೆಂಡ ಆರಿಹೋಗುತ್ತಲ್ಲ?”

ದೊಡ್ಡಮಾವ ಮೀಸೆ ತಿರುವಿದರು. “ದಾರೀಲಿ ಬೇರೆ ದೇಸ ಇಲ್ವಾ? ಅವರ ವಲೇಲಿ ವಸಿ ವತ್ತು ಮಡುಗ್ಲಿ, ಉರಿಸ್ಕಂಡು ಮುಂದಕ್ ಓಗ್ಲಿ. ಅಂಗಾರೂ ಎಲ್ಲರ್ ಮನೆ ಬಾಗ್ಲೂ ತುಳ್ದಂಗಾಯ್ತದೆ.”

ನಾನು ಅದನ್ನೂ ಬರೆದೆ. ಕಾಗದ ಒಂದು ವಾರದಲ್ಲಿ ವಾಪಸು ಬಂತು. ಅವರು ತಂದುಕೊಟ್ಟಿದ್ದುದು ಇನ್‌ಲ್ಯಾಂಡು! “ಗೌಡ್ರೇ, ಇದು ನಮ್ ದೇಸದೊಳಗ್ ಮಾತ್ರ ಓಯ್ತದೆ, ಸಮುದ್ರ ದಾಟಲ್ಲ” ಎಂದು ಪೋಸ್ಟ್‌ಮ್ಯಾನು ಹೇಳಿದಾಗ ದೊಡ್ಡಮಾವ ಕಾಗದವನ್ನು ತಿರುಗಿಸಿ ನೋಡಿ, “ಕಾಗ್ದುಕ್ಕೂ ಗೋಡೆ ಕಟ್ಬುಟ್ಟವ್ರಲ್ಲೋ” ಎಂದು ನಿಟ್ಟುಸಿರು ಬಿಟ್ಟರು. ಆ ಮಾತಿಗೆ ಮಾತ್ರ ನಾನು ನಗಲಿಲ್ಲ.

ಅಷ್ಟರಲ್ಲಿ ಗಡಿಯಲ್ಲಿ ನಿಜವಾದ ಯುದ್ಧವೇ ಬಂತು. ಅದು ನಡೆಯುತ್ತಿದ್ದುದು ನಮ್ಮಿಂದ ಸಾವಿರಾರು ಮೈಲಿ ಆಚೆ. ಆದರೂ ಹತ್ತಿರದಲ್ಲಿ ಅಣೆಕಟ್ಟೆ ಇದೆ, ಸಕ್ಕರೆ ಕಾರ್ಖಾನೆ ಇದೆ, ದೀಪ ಹೊರಗೆ ಕಾಣಬಾರದು ಎಂದು ಊರಿನ ಹುಡುಗರು ಗಸ್ತು ಶುರುಮಾಡಿದರು. ಒಂದು ಮುಂಜಾನೆ ಇನ್ನೂ ಮಬ್ಬುಗತ್ತಲೆ. ದೊಡ್ಡಮಾವ ನನ್ನಿಂದ ಕೆಂಡ ಈಸಿಕೊಂಡು, ಆರದಿರಲೆಂದು ಉಫ್ ಉಫ್ ಎಂದು ಊದುತ್ತಾ ಹಿತ್ತಿಲು ಬಳಸಿ ಹೊರಟಿದ್ದಾರೆ. ಕೆಂಡ ಒಂದು ಸಲ ಕೆಂಪಗೆ, ಒಂದು ಸಲ ಮಂಕು, ಮತ್ತೆ ಕೆಂಪಗೆ. ಹುಡುಗರ ಕಣ್ಣಿಗೆ ಇನ್ನೇನು ಕಾಣಬೇಕು? ಶತ್ರು ವಿಮಾನಕ್ಕೆ ಸನ್ನೆ! ಲೋಕಶಾಂತಿಯ ಪ್ರವರ್ತಕರನ್ನು ಗೂಢಚಾರನೆಂದು ಹಿಡಿದು, ಪಾಂಡವಪುರದಿಂದ ಪೊಲೀಸಿನವರೊಬ್ಬರನ್ನು ಕರೆಸಿ, ನಮ್ಮ ಜಗಲಿಗೇ ತಂದು ನಿಲ್ಲಿಸಿದರು.

ಪೊಲೀಸಿನವರು ಬೇರೆ ಊರಿನವರು. ನಮ್ಮ ಮಾವನನ್ನು ಕೇಳಿದರು: “ಈ ಮನುಷ್ಯ ನಿಮಗೆ ಗೊತ್ತಾ?”

ಮಾವನಿಗೆ ಧರ್ಮಸಂಕಟ. ಹೂಂ ಎಂದರೆ ಇಷ್ಟು ವರ್ಷದ ಹಟ ಮುರಿಯಿತು. ಇಲ್ಲ ಎಂದರೆ ಅಣ್ಣ ಸ್ಟೇಷನ್ನಿಗೆ ಹೋದ. ಕೊಟ್ಟಿಗೆಯ ಕಡೆ ನೋಡಿದರು. ಕೆಂಪಿ ನೆರವಿಗೆ ಬರುವಷ್ಟು ಹತ್ತಿರವಿರಲಿಲ್ಲ. ಕೊನೆಗೆ ಮಡಕೆ ಚೂರಿನೊಳಗೆ ಬಗ್ಗಿ ನೋಡಿ, “ಕೆಂಡ ನಮ್ದೇ ಸ್ವಾಮಿ. ಗ್ಯಾರಂಟಿ. ಮನುಸ ಯಾರೋ ಕಾಣೆ” ಎಂದರು!

ಪೊಲೀಸಿನವರು ನಕ್ಕು ಬಿಟ್ಟುಬಿಟ್ಟರು. ಹೋಗುವಾಗ ದೊಡ್ಡಮಾವನ ಕೆಂಡದಲ್ಲೇ ತಮ್ಮ ಬೀಡಿಯನ್ನೂ ಹಚ್ಚಿಕೊಂಡರು.

ಆ ದಿನ ನಾನು ದೊಡ್ಡತ್ತೆಯನ್ನು ಹಿಡಿದು ಕೂರಿಸಿಕೊಂಡೆ. “ಅಣ್ಣ ತಮ್ಮನಿಗೆ ಅಂಥಾದ್ದೇನು ದೊಡ್ಡತ್ತೆ ಜಗಳ? ಗದ್ದೆಯಾ, ಗೋಡೆಯಾ?”

“ಗದ್ದೆಗ್ಯಾರು ಜಗ್ಳಾಡುದ್ರು ಮಗಾ? ವಲೆಗೆ!” ಎಂದರು ದೊಡ್ಡತ್ತೆ.

ಪಾಲಾದಾಗ ಅಣ್ಣತಮ್ಮಂದಿರ ಅವ್ವ ಮೆತ್ತಿದ್ದ ಒಲೆ ನಮ್ಮ ಕಡೆಗೆ ಬಂತಂತೆ. ಆ ಮುದುಕಿ ಇರುವವರೆಗೆ ಅದರ ಬೆಂಕಿ ಒಂದು ದಿನವೂ ಆರಿರಲಿಲ್ಲ. ಗೋಡೆ ಎದ್ದ ದಿನ ದೊಡ್ಡಮಾವ ಆ ಒಲೆಯ ಮುಂದೆ ಬಂದು ಕೂತಾಗ, ಮಾವ ಯಾವುದೋ ಸಿಟ್ಟಿನಲ್ಲಿ, “ಇನ್ಮೇಲೆ ನಿನ್ ವಲೆ ನೀನ್ ಅಚ್ಕೊ” ಎಂದು ಒಂದು ಬೆಂಕಿಪೊಟ್ಟಣ ಎಸೆದರಂತೆ. ಅಷ್ಟೇ! ದೊಡ್ಡಮಾವ ಆ ಪೊಟ್ಟಣ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಮಡಕೆ ಚೂರು ಹಿಡಿದು ಹಿತ್ತಿಲ ಬಾಗಿಲಲ್ಲಿ ನಿಂತರು. ಗಡಿ, ಎಣ್ಣೆ, ಸುಲ್ತಾನರು, ಅಮೆರಿಕಾ ಎಲ್ಲವೂ ಆಮೇಲೆ ಹುಟ್ಟಿಕೊಂಡದ್ದು.

ಆಗ ನನಗೆ ಇನ್ನೊಂದು ಹೊಳೆಯಿತು. ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣಕ್ಕೆ ಬರವಿರಲಿಲ್ಲ. ಹಾಗಿದ್ದೂ ಊಟವಾದ ಮೇಲೆ ಮಾವ ದಿನಾ ತಾವೇ ಒಲೆಯ ಮುಂದೆ ಕೂತು, ಒಳ್ಳೆಯ ಕೆಂಡ ಆರಿಸಿ, ಕೂಸಿಗೆ ಹೊದಿಸುವ ಹಾಗೆ ಬೂದಿ ಮುಚ್ಚುತ್ತಿದ್ದರು. “ಎಂಗುಸ್ರಿಗೆ ಇದ್ ಬರಾಕಿಲ್ಲ” ಎಂದು ಗೊಣಗುತ್ತಿದ್ದರು. ಯಾರಿಗಾಗಿ ಮುಚ್ಚುತ್ತಿದ್ದರು? ಹೀಗೆ ಇಬ್ಬರೂ ಸೇರಿ ಒಂದು ಬೆಂಕಿಯನ್ನು ಕಾಪಾಡಿಕೊಂಡು, ಬಾಯಿ ಮಾತ್ರ ಬಿಗಿದುಕೊಂಡು, ಹನ್ನೊಂದು ವರ್ಷ ಕಳೆದಿದ್ದರು. ಸಿಟ್ಟೂ ಬಂತು, ಅಳುವೂ ಬಂತು ನನಗೆ.

ಅದೇ ವರ್ಷದ ಚಳಿಗಾಲದಲ್ಲಿ ದೊಡ್ಡಮಾವನಿಗೆ ಜ್ವರ ಹಿಡಿಯಿತು. ಗುರುವಾರ ಕೆಂಡಕ್ಕೆ ಬಂದವರು ನಡುಗುತ್ತಿದ್ದರು. ಹಿತ್ತಿಲು ದಾಟುವಾಗ ಕಾಲು ಸೋತು ಕುಸಿದು, ಕೆಂಡವೆಲ್ಲ ಇಬ್ಬನಿಯಲ್ಲಿ ಚೆಲ್ಲಿ ಆರಿತು. ಡಾಕ್ಟರನ್ನು ಕರೆಸುವ ಗಡಿಬಿಡಿಯಲ್ಲಿ ಆ ದಿನ ಮತ್ತೆ ಕೆಂಡ ಒಯ್ಯಲು ಯಾರಿಗೂ ನೆನಪಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ದೊಡ್ಡತ್ತೆ ಮಡಕೆ ಚೂರು ಹಿಡಿದು ನಮ್ಮ ಹಿತ್ತಿಲಿಗೆ ಬಂದು ನಿಂತರು. ಆ ಗಟ್ಟಿ ಬಾಯಲ್ಲಿ ಸ್ವರವೇ ಇರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ಬಿಸಿನೀರಿಲ್ಲ, ಗಂಜಿಯಿಲ್ಲ. ದೊಡ್ಡಮಾವ ಒಲೆಯ ಪಕ್ಕದಲ್ಲೇ ಮಲಗಿದ್ದಾರೆ.

“ಪೊಟ್ಣ ಐತಲ್ಲ ದೊಡ್ಡತ್ತೆ, ಆ ರಾಗಿ ಮಡಕೇಲಿ” ಎಂದು ನಾನು ಪಿಸುಗುಟ್ಟಿದೆ.

“ಅವ್ರ ಕಿವಿ ಮುಂದೆ ಎಂಗ್ ಗೀರ್ಲಿ ಮಗಾ? ಕಡ್ಡಿ ಗೀರ್ದ್ ಬೆಂಕೀಲಿ ಕಾಸುದ್ರೆ ತೊಟ್ಟೂ ಮುಟ್ಟಾಕಿಲ್ಲ ಅಂತ ಅಲ್ಲು ಕಚ್ಕಂಡ್ ಮನ್ಗವ್ರೆ.”

ನಾನು ಅತ್ತೆಯ ಮುಖ ನೋಡಿದೆ. ಅವರ ಕಣ್ಣಲ್ಲೂ ನೀರು. ಆದರೆ ಶುಕ್ರವಾರ. ಮನೆಯ ಲಕ್ಷ್ಮಿ. ಕಟ್ಟಳೆಯಿಂದ ಆಚೆಗೆ ಕಾಲಿಡಲು ಅವರಿಗೆ ಧೈರ್ಯ ಬರಲಿಲ್ಲ.

ಮಾವ ಎದ್ದರು. ಒಲೆಯ ಬೂದಿ ಕೆದಕಿ, ಇಕ್ಕಳ ಹುಡುಕುವಷ್ಟೂ ತಾಳ್ಮೆಯಿಲ್ಲದೆ ಬರೀ ಬೆರಳಿನಲ್ಲೇ ಕೆಂಡ ಎತ್ತಿ ಎತ್ತಿ ಮಡಕೆ ಚೂರಿಗೆ ಹಾಕಿಕೊಂಡು ಹೊರಟರು. ನಾನು ಸೌದೆ ಹಿಡಿದು ಹಿಂದೆ ಓಡಿದೆ. ಹನ್ನೊಂದು ವರ್ಷದ ಮೇಲೆ ಅವರು ಆ ಹೊಸ್ತಿಲು ದಾಟಿದರು. ಒಲೆಗೆ ಕೆಂಡ ಸುರಿದು, ಬಗ್ಗಿ ಊದಿ ಊದಿ ಉರಿ ಎಬ್ಬಿಸಿದರು.

ಕಂಬಳಿಯೊಳಗಿಂದ ಕ್ಷೀಣ ಸ್ವರ ಬಂತು. “ಯಾರ್ಲಾ ಅದು?”

ಮಾವ ಅಭ್ಯಾಸಬಲದಿಂದ ಸುತ್ತ ನೋಡಿದರು. ಅಲ್ಲಿ ಹಸು ಇರಲಿಲ್ಲ.

“ನಾನು ಕಣಣ್ಣಾ” ಎಂದರು.

ದೊಡ್ಡಮಾವ ಕಣ್ಣು ಬಿಟ್ಟು ಉರಿಯನ್ನು ನೋಡಿದರು, ತಮ್ಮನನ್ನು ನೋಡಿದರು. “ಇವತ್ತು ಸುಕ್ರುವಾರ ಕಣ್ಲಾ. ಲಕ್ಸ್ಮಿ ಒಂಟೋಯ್ತಾಳೆ.”

“ಓದ್ರೆ ಓಗ್ಲಿ ಬುಡಣ್ಣ. ಎಲ್ಗ್ ಓದಾಳು? ಮಗ್ಗುಲ್ ಮನೆಗೆ ತಾನೆ.”

ದೊಡ್ಡಮಾವ ಕಂಬಳಿಯಿಂದ ಕೈ ಹೊರಗೆ ಚಾಚಿ, ತಮ್ಮನ ಬೆರಳುಗಳನ್ನು ಒಂದೊಂದಾಗಿ ಹಿಡಿದು, ಎಲ್ಲೆಲ್ಲಿ ಸುಟ್ಟಿದೆ ಎಂದು ಸವರಿ ಸವರಿ ನೋಡತೊಡಗಿದರು. ನಾನು ಒಲೆಯ ಮೇಲೆ ನೀರಿಟ್ಟೆ.